ನೀರು ಬಿಡುವ ದಿನ ಮೊದಲೇ ಗೊತ್ತಾಗಲಿ: ಹೇಮಾವತಿ ನಾಲೆಯ ಕೊನೆಯಿಂದ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಜಿಲ್ಲೆಯ ಶಾಸಕರಿಗೆ, ನಾಲೆಗೆ ನೀರು ಹರಿಸುವ ತೀರ್ಮಾನದಲ್ಲಿ ಕೂರುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ರೈತ ಮಹಿಳೆ. ಹೇಮಾವತಿ ಎಡದಂಡೆ ನಾಲೆಯಿಂದ ಕವಲೊಡೆಯುವ ವಿತರಣಾ ನಾಲೆಯೊಂದರ ಕೊನೆಯ ತೂಬಿನ ಕೆಳಗೆ ನಮ್ಮ ಗದ್ದೆಯಿದೆ. ಮೇಲಿನ ತೂಬುಗಳೆಲ್ಲ ತಮ್ಮ ಪಾಲು ಎಳೆದುಕೊಂಡ ಮೇಲೆ ಉಳಿದ ನೀರು ನಮ್ಮದು. ಕೊನೆಯ ಭಾಗಕ್ಕೆ ನೀರು ಮುಟ್ಟುತ್ತಿಲ್ಲ ಎಂಬ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಬೇಕಾದಷ್ಟು ಬಿದ್ದಿರಬಹುದು. ನಾನು ಬರೆಯುತ್ತಿರುವುದು ಬೇರೊಂದು ಮಾತಿಗೆ. ನಾಲೆಗೆ ನೀರು ಯಾವಾಗ ಬರುತ್ತದೆ, ಎಷ್ಟು ದಿನ ಹರಿಯುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ನಾವು ಒಟ್ಟಲು, ಅಂದರೆ ಭತ್ತದ ಸಸಿಮಡಿ, ಹಾಕುವ ಮೊದಲೇ ಬರೆದು ತಿಳಿಸಿ. ಕಡಿಮೆ ನೀರಿದ್ದರೆ ಕಡಿಮೆಯೆಂದೇ ಹೇಳಿ, ಇಲ್ಲದಿದ್ದರೆ ಇಲ್ಲವೆನ್ನಿ. ಆದರೆ ಬಿತ್ತುವ ಮೊದಲು ಹೇಳಿ.

ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ತಿಯಾಯಿತು. ಅದರ ಪೂರ್ಣ ಮಟ್ಟ 2,922 ಅಡಿ, ಹಿಡಿಯುವ ನೀರು 37.103 ಟಿಎಂಸಿ. ನಮ್ಮ ಕಡೆ ಈ ಎರಡು ಅಂಕಿಗಳು ಶಾಲೆಯ ಮಕ್ಕಳಿಗೂ ಬಾಯಿಪಾಠ. ಜೂನ್ ತಿಂಗಳಿಂದ ಪತ್ರಿಕೆ ಬಂದ ಕೂಡಲೇ ನಾವು ನೋಡುವುದು ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಮೂಡಿಗೆರೆ, ಸಕಲೇಶಪುರದ ಕಡೆ ಆರಿದ್ರ ಮಳೆ ಹಿಡಿದರೆ ಒಳಹರಿವು ಏರುತ್ತದೆ. ಅದೇ ಹೊತ್ತಿಗೆ ನಮ್ಮ ಹೊಲದಲ್ಲಿ ಧೂಳು ಏಳುತ್ತಿರುತ್ತದೆ. ಮಲೆನಾಡಿನಲ್ಲಿ ಬಿದ್ದ ಮಳೆಯನ್ನು ಬಯಲುಸೀಮೆಯ ಬೆಳೆಗೆ ತಲುಪಿಸುವುದಕ್ಕೇ ಈ ಅಣೆಕಟ್ಟೆ ಕಟ್ಟಿದ್ದು, ಅದಕ್ಕಾಗಿ ಎಷ್ಟೋ ಊರುಗಳು ಮುಳುಗಿದ್ದು. ಆದರೆ ಆ ಅಂಕಿಗಳಲ್ಲಿ ನಮಗೆ ಬೇಕಾದದ್ದೊಂದು ಇರುವುದಿಲ್ಲ. ಅಣೆಕಟ್ಟೆಯಲ್ಲಿ ಎಷ್ಟು ನೀರಿದೆಯೆಂದು ದಿನವೂ ತಿಳಿಯುತ್ತದೆ. ನನ್ನ ತೂಬಿಗೆ ಅದು ಯಾವ ವಾರ ಬರುತ್ತದೆಂದು ಯಾರಿಗೂ ತಿಳಿಯುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ ಜುಲೈ ತಿಂಗಳಿಡೀ ಒಂದೇ ಪ್ರಶ್ನೆ: "ನಾಲೆಗೆ ನೀರು ಯಾವತ್ತಂತೆ ಅಕ್ಕ?"

ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಗದ್ದೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಸಿ ಕೀಳುವುದು, ನಾಟಿ ಹಾಕುವುದು ನಮ್ಮ ಹೆಂಗಸರ ಕೈಯಲ್ಲಿ ನಡೆಯುವ ಕೆಲಸ. ಕೂತು ಚರ್ಚಿಸುವ ಕೋಣೆಗಳಲ್ಲಿ ಈ ವಿವರ ಬರುವುದು ಕಡಿಮೆ.

ಭತ್ತದ ಸಸಿಗೆ ಇಪ್ಪತ್ತೊಂದರಿಂದ ಇಪ್ಪತ್ತೈದು ದಿನ ನಾಟಿಗೆ ಹದವಾದ ವಯಸ್ಸು. ದೀರ್ಘಾವಧಿ ತಳಿಯಾದರೆ ತಿಂಗಳವರೆಗೂ ತಡೆಯುತ್ತದೆ. ಜುಲೈ ಮೊದಲ ವಾರ ನೀರು ಬಿಡುತ್ತಾರಂತೆ ಎಂಬ ಮಾತು ಕೇಳಿ, ಕೊಳವೆಬಾವಿ ಇರುವವರ ಹತ್ತಿರ ಬೇಡಿಕೊಂಡು, ಒಟ್ಟಲಿಗೆ ನೀರು ಕಟ್ಟಿ ಬೀಜ ಚೆಲ್ಲುತ್ತೇವೆ. ಸಸಿ ಹಸಿರಾಗಿ ಏಳುತ್ತದೆ. ನಾಲೆ ಒಣಗಿಯೇ ಇರುತ್ತದೆ. ಮೂವತ್ತು ದಿನ ಕಳೆಯುತ್ತದೆ, ನಲವತ್ತು ಕಳೆಯುತ್ತದೆ. ಆ ಹೊತ್ತಿಗೆ ಒಂದು ಸಸಿಯನ್ನು ಕಿತ್ತು ಬುಡ ನೋಡಿದರೆ ಸಾಕು, ಆ ವರ್ಷದ ಬೆಳೆ ಏನಾಗುತ್ತದೆಂದು ಹೇಳಬಹುದು. ಬೆಳ್ಳಗಿರಬೇಕಾದ ಬೇರು ಕಂದುಬಣ್ಣಕ್ಕೆ ತಿರುಗಿ ಮಣ್ಣನ್ನು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಕಿತ್ತರೆ ಅರ್ಧ ತುಂಡಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಬುಡದಲ್ಲಿ ಗಂಟು ಮೂಡಿರುತ್ತದೆ. ಗಂಟು ಬಿದ್ದ ಸಸಿಯನ್ನು ನೆಟ್ಟರೆ ಅದು ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಹೊಡೆಯುವುದಿಲ್ಲ. ಎಳೆಯ ಸಸಿ ಒಂದು ಬುಡಕ್ಕೆ ಹತ್ತು ಹನ್ನೆರಡು ತೆಂಡೆ ಕೊಡುವ ಮಣ್ಣಿನಲ್ಲೇ ಇದು ಮೂರೋ ನಾಲ್ಕೋ ಕೊಟ್ಟು ನಿಲ್ಲುತ್ತದೆ. ಆಮೇಲೆ ಎಷ್ಟು ಯೂರಿಯಾ ಎರಚಿದರೂ ಎಷ್ಟು ನೀರು ನಿಲ್ಲಿಸಿದರೂ ಆ ನಷ್ಟ ತುಂಬುವುದಿಲ್ಲ. ಆ ವರ್ಷ ಜಲಾಶಯ ಭರ್ತಿಯಾಗಿರುತ್ತದೆ, ನಾಲೆ ತುಂಬಿ ಹರಿದಿರುತ್ತದೆ, ಕಡತದಲ್ಲಿ ನಮ್ಮ ಜಮೀನು ನೀರಾವರಿ ಜಮೀನೇ ಆಗಿರುತ್ತದೆ. ಇಳುವರಿ ಮಾತ್ರ ಕೈಗೆ ಹತ್ತಿರುವುದಿಲ್ಲ.

ಇದಕ್ಕೆ ಹೆದರಿ ನೀರು ಬಂದ ಮೇಲೆಯೇ ಒಟ್ಟಲು ಹಾಕೋಣವೆಂದು ಕಾಯುವವರಿಗೆ ಬೇರೆ ಕಷ್ಟ. ನಮ್ಮದು ಎತ್ತರದ ಸೀಮೆ. ಹಾಸನ ಪಟ್ಟಣವೇ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿದೆ. ನಾವು ಅದಕ್ಕಿಂತ ತುಸು ತಗ್ಗು, ಆದರೆ ನವೆಂಬರ್ ಕೊನೆಗೆ ಇಲ್ಲಿಯ ರಾತ್ರಿಯ ಚಳಿ ಹೇಗಿರುತ್ತದೆಂದು ಬೆಂಗಳೂರಿನಿಂದ ಬಂದ ನೆಂಟರು ಹೇಳಬೇಕು. ಆಶ್ಲೇಷ ಮಳೆಯ ಹೊತ್ತಿಗೆ ನೀರು ಬಂದು, ಆಗಸ್ಟ್ ಮೊದಲ ವಾರ ಐದು ತಿಂಗಳ ತಳಿಯ ಬೀಜ ಚೆಲ್ಲಿದರೆ ಅದು ಹೊಡೆ ಕಟ್ಟುವುದು ನವೆಂಬರ್ ಮಧ್ಯದಲ್ಲಿ, ತೆನೆ ಬಿಚ್ಚಿ ಹೂವಾಗುವುದು ತಿಂಗಳ ಕೊನೆಯಲ್ಲಿ. ಭತ್ತಕ್ಕೆ ಚಳಿ ತಾಳದ ದಿನಗಳೆಂದರೆ ಅವೇ. ಗಾಳಿ ತಣ್ಣಗಾದರೆ ಪರಾಗ ಕಟ್ಟುವುದಿಲ್ಲ, ಕಾಳು ತುಂಬುವುದಿಲ್ಲ. ದೂರದಿಂದ ಗದ್ದೆ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ತೆನೆ ಹಿಡಿದರೆ ಭಾರವೇ ಇರುವುದಿಲ್ಲ. ಮಾಗಿದ ತೆನೆ ಬಾಗಬೇಕು, ಇದು ನೆಟ್ಟಗೆ ನಿಂತಿರುತ್ತದೆ, ಬೆರಳಲ್ಲಿ ಉಜ್ಜಿದರೆ ಬರೀ ಜೊಳ್ಳು. ಬೆಂಕಿ ರೋಗಕ್ಕೂ ಈ ತಡವಾದ ನಾಟಿಯೇ ಮೊದಲು ಸಿಗುವುದು.

ಇದಕ್ಕೆ ಪರಿಹಾರ ಇಲ್ಲವೇ? ಇದೆ, ಅದು ನಮ್ಮ ಕೈಯಲ್ಲೇ ಇದೆ. ನೀರು ತಡವೆಂದು ಗೊತ್ತಿದ್ದರೆ ದೀರ್ಘಾವಧಿಯ ರಾಜಮುಡಿಯ ಕಡೆಗೆ ಹೋಗದೆ ನಾಲ್ಕು ತಿಂಗಳ ಐಆರ್-64ರಂಥ ತಳಿ ಹಾಕಬಹುದು. ನೀರು ಕಡಿಮೆಯೆಂದು ಗೊತ್ತಿದ್ದರೆ ಭತ್ತವನ್ನೇ ಬಿಟ್ಟು ನಾಟಿ ರಾಗಿ ಹಾಕಬಹುದು. ಬೀಜ ಕೊಳ್ಳುವ ದಿನವೇ ಇದೆಲ್ಲ ನಿರ್ಧಾರವಾಗಬೇಕು. ಬೀಜ ಕೊಳ್ಳುವ ದಿನ ನಮ್ಮ ಹತ್ತಿರ ಇರುವುದು ಬರೀ ಗಾಳಿಮಾತು.

ಕೂಲಿಯ ವಿಷಯ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ನಮ್ಮಲ್ಲಿ ಇನ್ನೂ ಮುಯ್ಯಾಳು ಪದ್ಧತಿ ಉಳಿದಿದೆ. ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ನೀರಿನ ಸರದಿ ಗೊತ್ತಿದ್ದರೆ ಒಂದೊಂದು ತೂಬಿನವರು ಒಂದೊಂದು ವಾರಕ್ಕೆ ಒಟ್ಟಲು ಹೊಂದಿಸಿಕೊಳ್ಳುತ್ತಾರೆ, ಹತ್ತು ಹೆಂಗಸರ ಒಂದು ಗುಂಪು ಒಂದು ತಿಂಗಳಲ್ಲಿ ಇಡೀ ಬಯಲನ್ನು ನಾಟಿ ಮಾಡಿ ಮುಗಿಸುತ್ತದೆ. ದಿನ ಗೊತ್ತಿಲ್ಲದೆ ನೀರು ಇದ್ದಕ್ಕಿದ್ದಂತೆ ಬಂದಾಗ ಎಲ್ಲರ ಗದ್ದೆಯೂ ಒಟ್ಟಿಗೆ ಹದಕ್ಕೆ ಬರುತ್ತದೆ. ಟಿಲ್ಲರ್ ಸಿಗುವುದಿಲ್ಲ, ಆಳು ಸಿಗುವುದಿಲ್ಲ, ಮುಯ್ಯಿ ಮುರಿದು ದುಡ್ಡಿನ ಕೂಲಿಯಾಗುತ್ತದೆ, ಆ ಕೂಲಿ ವಾರದೊಳಗೆ ಏರುತ್ತದೆ. ಆ ದುಡ್ಡು ಸ್ವಸಹಾಯ ಸಂಘದ ಸಾಲದಿಂದಲೋ ಕಿವಿಯ ಓಲೆ ಅಡವಿಟ್ಟೋ ಬರುತ್ತದೆ. ನೀರಾವರಿಯ ಲಾಭ ನಷ್ಟ ಬರೆಯುವವರು ಈ ಬಾಬತ್ತನ್ನೂ ಬರೆದುಕೊಳ್ಳಬೇಕು.

ಈಗ ನೀರಿನ ಲೆಕ್ಕ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಭತ್ತದ ಗದ್ದೆಗೆ ಒಂದು ಹಂಗಾಮಿಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕು. ಎಕರೆಗೆ ಅದು 48 ಲಕ್ಷ ಲೀಟರ್ ದಾಟುತ್ತದೆ. ಮಳೆಯ ನೆರವನ್ನು ಬದಿಗಿಟ್ಟು, ನಾಲೆಯಲ್ಲಿ ಒಂದು ಹನಿಯೂ ಸೋರದೆ ಬಂತೆಂದು ಹಿಡಿದರೂ, ಒಂದು ಟಿಎಂಸಿ ಬೆಳೆಸುವುದು 5,800 ಎಕರೆ ಭತ್ತವನ್ನು. ಅರ್ಧ ನೀರು ದಾರಿಯಲ್ಲಿ ಇಂಗಿದರೆ 2,900 ಎಕರೆ. ರಾಗಿಗೆ ಇದರ ಮೂರನೇ ಒಂದು ಪಾಲು ಸಾಕು, ಅದರಲ್ಲೂ ಬಹುಪಾಲನ್ನು ಮಳೆಯೇ ಕೊಡುತ್ತದೆ. ಮಳೆ ಕೈಕೊಟ್ಟ ಸಮಯ ನೋಡಿ ಒಂದೆರಡು ನೀರು ಹಾಯಿಸಿದರೆ ಬೆಳೆ ಉಳಿಯುತ್ತದೆ. ಕೇಂದ್ರ ಸರ್ಕಾರ 2025-26ಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ರಾಗಿಗೆ 4,886 ರೂಪಾಯಿ. ಹೀಗಿದ್ದೂ ರಾಗಿಯಂಥ ಅರೆ ನೀರಾವರಿ ಬೆಳೆಗೆಂದು ಗೊತ್ತುಮಾಡಿದ ಕಡೆಗಳಲ್ಲಿ ಭತ್ತ ಏಕೆ ನಾಟಿಯಾಗುತ್ತದೆ?

ಮೇಲಿನ ರೈತರಿಗೆ ದುರಾಸೆ ಎಂದು ನಮ್ಮವರು ಬೈಯುವುದುಂಟು. ನಾನು ಒಪ್ಪುವುದಿಲ್ಲ. ನಾಲೆಯ ಬದಿಯ ಜಮೀನಿಗೆ ಸೋರಿಕೆ ನೀರು ತಾನಾಗಿಯೇ ಬರುತ್ತದೆ, ಜೌಗು ಹಿಡಿಯುತ್ತದೆ, ಅಲ್ಲಿ ರಾಗಿ ಹಾಕಿದರೆ ಬುಡ ಕೊಳೆಯುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಮುಂದಿನ ನೀರು ಯಾವಾಗ ಎಂದು ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲದವರು ಬಂದಾಗಲೇ ತುಂಬಿಸಿಕೊಳ್ಳುತ್ತಾರೆ. ಇನ್ನು ಹದಿನೈದು ದಿನಕ್ಕೆ ಮತ್ತೆ ನೀರು ಬಂದೇ ಬರುತ್ತದೆ ಎಂಬ ನಂಬಿಕೆಯಿದ್ದರೆ ತೂಬಿನ ಗೇಟು ಮುರಿಯುವ, ನಾಲೆಯ ಏರಿಗೆ ಪೈಪು ತೂರಿಸುವ ಕೆಲಸಕ್ಕೆ ರಾತ್ರಿಯ ನಿದ್ದೆ ಯಾರು ಕೆಡಿಸಿಕೊಳ್ಳುತ್ತಾರೆ? ಹೂಳು ತೆಗೆಸಿ, ಸಿಮೆಂಟಿನ ಲೈನಿಂಗ್ ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ನಂಬಿಕೆ ಇಲ್ಲದ ನಾಲೆಗೆ ಎಷ್ಟು ಲೈನಿಂಗ್ ಮಾಡಿಸಿದರೂ ನೀರು ಮೇಲೆಯೇ ನಿಲ್ಲುತ್ತದೆ.

ನಾಲೆಯನ್ನು ನಂಬದವರು ಕೊಳವೆಬಾವಿ ಕೊರೆಸುತ್ತಾರೆ. ಅಚ್ಚುಕಟ್ಟಿನ ಒಳಗೇ ಎಷ್ಟು ಕೊಳವೆಬಾವಿಗಳಿವೆ ನೋಡಿ. ಭತ್ತದ ಗದ್ದೆಗಳಲ್ಲಿ ತೆಂಗು, ಅಡಿಕೆ ಎದ್ದಿವೆ, ಎತ್ತರದ ತಾಕುಗಳಲ್ಲಿ ಶುಂಠಿಯ ಪಾತಿಗಳಿವೆ. ಸಾಲ ಮಾಡಿ ಕೊರೆಸಿದ ನೀರಿಗೆ ಇವರು ಕೊಟ್ಟ ಬೆಲೆಯಲ್ಲಿ ಅರ್ಧಕ್ಕರ್ಧ ನಿಶ್ಚಿತತೆಗೆ ಕೊಟ್ಟದ್ದು. ಮೋಟಾರಿನ ಗುಂಡಿ ಒತ್ತಿದರೆ ನೀರು ಬರುತ್ತದೆ, ಆ ದಿನವನ್ನು ಅವರೇ ಆರಿಸಬಹುದು. ಹಾಗೆ ಎತ್ತುವ ನೀರು ಕೂಡ ಬಹುಮಟ್ಟಿಗೆ ನಾಲೆ ಕೆರೆಗಳಿಂದ ಇಂಗಿದ ಹೇಮಾವತಿಯೇ.

ದಿನ ಆರಿಸುವ ಶಕ್ತಿ ಬೆಳೆಗೆ ಏನು ಮಾಡುತ್ತದೆಂದು ನೋಡಬೇಕಾದರೆ ನಮ್ಮ ಜಿಲ್ಲೆಯ ಪಶ್ಚಿಮಕ್ಕೆ ಹೋಗಬೇಕು. ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲಿ, ಹಾಗೆಯೇ ಪಕ್ಕದ ಮೂಡಿಗೆರೆಯಲ್ಲಿ, ರೊಬಸ್ಟಾ ಬೆಳೆಗಾರರು ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆಗೆ ಕಾಯುತ್ತಾರೆ. ಮಳೆ ಬಾರದಿದ್ದರೆ ಹೊಳೆಯಿಂದಲೋ ತೋಟದ ಕೆರೆಯಿಂದಲೋ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಬೇಕಾಗುವುದು ಒಂದರಿಂದ ಒಂದೂವರೆ ಇಂಚಿನ ಮಳೆಯಷ್ಟು ನೀರು. ಒಂದು ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ನೀರು ಕೊಟ್ಟರೆ ಕಾಯಿ ಕಚ್ಚುತ್ತದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಬೆಳೆಯ ಗತಿ ನಿರ್ಧರಿಸುವುದು ಆ ಮೂರು ಇಂಚು. ಅದು ಏಪ್ರಿಲ್ ಕೊನೆಯಲ್ಲಿ ಬಂದರೆ ಫೆಬ್ರುವರಿಯ ಕೆಲಸಕ್ಕೆ ಆಗುವುದಿಲ್ಲ. ಕಾಫಿ ಬೆಳೆಗಾರರಿಗೆ ಇದು ಅರ್ಥವಾಗಿ ಎಷ್ಟೋ ಕಾಲವಾಯಿತು. ಅವರ ನೀರು ಅವರ ಕೈಯಲ್ಲಿತ್ತು, ಲೆಕ್ಕ ಹಾಕಿ ಕಲಿತರು. ನಮ್ಮ ನೀರಿನ ಗೇಟು ನಿಮ್ಮ ಕೈಯಲ್ಲಿದೆ, ಆದ್ದರಿಂದ ಲೆಕ್ಕವನ್ನೂ ನೀವೇ ಹೇಳಬೇಕು.

ಪೂರ್ವಕ್ಕೆ ಅರಸೀಕೆರೆಯ ತೆಂಗು ಇನ್ನೊಂದು ಬಗೆ. ಮಳೆನೆರಳಿನ ಸೀಮೆ, ಸಕಲೇಶಪುರದಲ್ಲಿ ಬೀಳುವುದರ ಮೂರನೇ ಒಂದು ಪಾಲು ಮಳೆ. ತೆಂಗಿನ ಹೊಂಬಾಳೆ ಹೊರಗೆ ಕಾಣುವುದಕ್ಕೆ ಎರಡು ವರ್ಷಕ್ಕೂ ಮುಂಚೆಯೇ ಮರದೊಳಗೆ ರೂಪುಗೊಳ್ಳುತ್ತದೆ. ಆದ್ದರಿಂದ ಒಂದು ಬೇಸಿಗೆಯ ಬರ ಮುಂದಿನ ಎರಡು ಮೂರು ವರ್ಷ ಹರಳು, ಅಂದರೆ ಎಳೆಗಾಯಿ, ಉದುರಿಸುತ್ತದೆ. ಅಲ್ಲಿಗೆ ಬೇಕಾದದ್ದು ಕೆರೆ ತುಂಬಿಸುವ ನೀರು. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗೆ ಜೀವ ಬರುತ್ತದೆ. ಮಳೆಗಾಲದಲ್ಲಿ ಹೆಚ್ಚಾದ ನೀರನ್ನು ಕೆರೆಗೆ ಕೊಡಲು ದಿನಾಂಕದ ಇಕ್ಕಟ್ಟು ಇಲ್ಲ. ಆಗಸ್ಟ್ ಆದರೂ ಸರಿ, ಅಕ್ಟೋಬರ್ ಆದರೂ ಸರಿ. ಭತ್ತದ ನೀರಿಗೆ ಆ ಸಡಿಲ ಇಲ್ಲ. ಎರಡನ್ನೂ ಒಂದೇ ಆದೇಶದಲ್ಲಿ, ಒಂದೇ ನಾಲೆಯಲ್ಲಿ, ಒಂದೇ ತಿಂಗಳಲ್ಲಿ ಹರಿಸಲು ಹೊರಟಾಗ ಕೆರೆಯವರಿಗೂ ಗದ್ದೆಯವರಿಗೂ ಜಗಳವಾಗುತ್ತದೆ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು-ನವಿಲೆ ಸುರಂಗದ ಆಚೆ ತುಮಕೂರಿನವರಿಗೂ ನಮಗೂ ನಡೆಯುವ ಮಾತಿನ ಚಕಮಕಿಯಲ್ಲೂ ಇದರ ಪಾಲು ಬಹಳ ಇದೆ. ತುಮಕೂರಿನವರೂ ನಮ್ಮ ಹಾಗೆ ಬೇಸಾಯಗಾರರೇ. ಅವರ ಪಾಲು ಅವರಿಗೆ ಸಲ್ಲಲಿ. ಯಾರ ಸರದಿ ಯಾವಾಗ ಎಂಬುದು ಕಾಗದದ ಮೇಲೆ ಇರಲಿ.

ನೀವು ಹೇಳುವ ಉತ್ತರ ನನಗೆ ಗೊತ್ತು. ಮಳೆ ಹೇಗಾಗುತ್ತದೆಂದು ಮೇ ತಿಂಗಳಲ್ಲಿ ಯಾರು ಹೇಳಲಾದೀತು? ಜಲಾಶಯ ತುಂಬದೆ ದಿನಾಂಕ ಕೊಡುವುದು ಹೇಗೆ? ಇದು ನಿಜವಾದ ತೊಡಕು, 2023ರ ಬರದಲ್ಲಿ ಅದನ್ನು ಎಲ್ಲರೂ ಕಂಡೆವು. ಆದರೆ ದಿನಾಂಕ ಕೊಡಲಾಗದಿದ್ದರೆ ನಿಯಮ ಕೊಡಬಹುದು. ಜುಲೈ 10ಕ್ಕೆ ಜಲಾಶಯದ ಮಟ್ಟ ಇಷ್ಟು ಅಡಿ ಇದ್ದರೆ ಭತ್ತಕ್ಕೆ ನೀರು, ಇಂತಿಷ್ಟು ದಿನ ಹರಿಸಿ ಇಂತಿಷ್ಟು ದಿನ ನಿಲ್ಲಿಸುವ ಸರದಿಯಲ್ಲಿ. ಅದಕ್ಕಿಂತ ಇಷ್ಟು ಕಡಿಮೆಯಿದ್ದರೆ ಅರೆ ನೀರಾವರಿ ಬೆಳೆಗೆ ಮಾತ್ರ. ಅದಕ್ಕೂ ಕೆಳಗಿದ್ದರೆ ಕುಡಿಯುವ ನೀರಿಗೂ ಕೆರೆಗೂ ಮಾತ್ರ, ಬೆಳೆಗೆ ಇಲ್ಲ. ಆ ಮಟ್ಟಗಳ ಅಂಕಿಯನ್ನು ಗೊತ್ತುಮಾಡಬಲ್ಲ ಎಂಜಿನಿಯರುಗಳು ನಿಮ್ಮಲ್ಲಿದ್ದಾರೆ, ನಾಲ್ಕು ದಶಕಕ್ಕೂ ಹೆಚ್ಚಿನ ಒಳಹರಿವಿನ ದಾಖಲೆ ನಿಮ್ಮಲ್ಲಿದೆ. ಅಂಕಿ ಒಮ್ಮೆ ಹೊರಬಿದ್ದರೆ ಉಳಿದದ್ದನ್ನು ನಾವು ಪತ್ರಿಕೆ ನೋಡಿ ತಿಳಿಯುತ್ತೇವೆ. ಮಟ್ಟ ಏರುವುದನ್ನು ನೋಡುತ್ತ ಬೀಜ ಆರಿಸುತ್ತೇವೆ.

ಹೀಗೆ ಮೊದಲೇ ಬರೆದಿಡುವುದು ಸರ್ಕಾರಕ್ಕೆ ಹೊಸತೇನೂ ಅಲ್ಲ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಕಾವೇರಿ ತೀರ್ಪು ಕೊಟ್ಟ ಮೇಲೆ, ಸಾಮಾನ್ಯ ಮಳೆಯ ವರ್ಷದಲ್ಲಿ ರಾಜ್ಯದ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದ 177.25 ಟಿಎಂಸಿಗೆ ತಿಂಗಳವಾರು ಪಟ್ಟಿಯಿದೆ. ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76. ಬಿಂದುವಿನ ನಂತರ ಎರಡು ಅಂಕಿಯವರೆಗೆ ಬರೆದಿದೆ. ಮಳೆ ಅಲ್ಲಿಯೂ ಅನಿಶ್ಚಿತವೇ. ಆದರೂ ಪಟ್ಟಿಯಿದೆ, ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ವಾದ ವಿವಾದ ನಡೆಯುತ್ತದೆ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಯ ಕೆಳಗಿನ ರೈತರು ಕೈಯಲ್ಲಿ ಹಿಡಿದು ಕೇಳಬಹುದಾದ ಕಾಗದವೊಂದಿದೆ. ಅದು ಅವರಿಗೆ ಇರಬೇಕಾದದ್ದೇ. ಗೊರೂರಿನ ಕೆಳಗಿನ ರೈತರಿಗೂ ಅಂಥ ಕಾಗದವೊಂದು ಬೇಕು.

ಹೊಸ ಯೋಜನೆಗಳ ಮಾತು ನಡೆದೇ ಇದೆ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲೇ ಚಾಲನೆ ಸಿಕ್ಕಿತು. ಅದರ ಗುಣದೋಷ ಬಲ್ಲವರು ಚರ್ಚಿಸಲಿ. ನಾನು ಕೇಳುತ್ತಿರುವುದಕ್ಕೆ ಸುರಂಗ ಬೇಡ, ಪಂಪ್‌ಹೌಸ್ ಬೇಡ, ಭೂಸ್ವಾಧೀನ ಬೇಡ. ಈಗಿರುವ ನೀರಿನಿಂದಲೇ ಹೆಚ್ಚು ಭತ್ತ, ಹೆಚ್ಚು ರಾಗಿ ಬರುತ್ತದೆ. ಒಂದು ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ನೀರು ಎರಡು ದಿನ ಹರಿದರೆ ಒಂದು ಎಕರೆ ಭತ್ತಕ್ಕೆ ಇಡೀ ಹಂಗಾಮಿಗೆ ಬೇಕಾದಷ್ಟಾಯಿತು. ಸಸಿ ಇಲ್ಲದ ಗದ್ದೆಗಳ ನಡುವೆ ನಾಲೆ ಹರಿದ ದಿನಗಳನ್ನು ಇದರಿಂದ ಗುಣಿಸಿ ನೋಡಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರತಿ ವರ್ಷ ರೋಹಿಣಿ ಮಳೆ ಹುಟ್ಟುವ ಮೊದಲು, ಅಂದರೆ ಮೇ ಮೂರನೇ ವಾರದೊಳಗೆ, ಮೇಲೆ ಹೇಳಿದ ನಿಯಮದ ಪಟ್ಟಿ ಹೊರಬರಲಿ. ಜುಲೈ 10ರ ಮಟ್ಟ ನೋಡಿ ಎರಡು ದಿನದೊಳಗೆ ಆ ವರ್ಷಕ್ಕೆ ಯಾವ ಸಾಲು ಅನ್ವಯ ಎಂದು ಪ್ರಕಟಿಸಿ. ಪ್ರತಿ ವಿತರಣಾ ನಾಲೆಗೆ ನೀರು ಬಿಡುವ ದಿನ, ನಿಲ್ಲಿಸುವ ದಿನ ಪ್ರತ್ಯೇಕವಾಗಿ ಇರಲಿ; ಜಲಾಶಯದಿಂದ ನೀರು ಬಿಟ್ಟ ದಿನಕ್ಕೂ ನಮ್ಮ ತೂಬಿಗೆ ಅದು ಮುಟ್ಟುವ ದಿನಕ್ಕೂ ಬಹಳ ಅಂತರವಿದೆ. ಕೊನೆಯ ನೀರು ಯಾವತ್ತು ಎಂಬುದನ್ನು ಮರೆಯದೆ ಬರೆಯಿರಿ. ತೆನೆ ತುಂಬುವ ಹೊತ್ತಿನಲ್ಲಿ, ಚಿತ್ತೆ ಸ್ವಾತಿ ಮಳೆಗಳೂ ಕೈಕೊಟ್ಟಾಗ, ನಾಲೆ ನಿಂತರೆ ಅಲ್ಲಿಯವರೆಗೆ ಹರಿಸಿದ ನೀರೆಲ್ಲ ವ್ಯರ್ಥ.

ಈ ಪಟ್ಟಿಯನ್ನು ಎಲ್ಲಿ ಹಾಕಬೇಕೆಂಬುದೂ ಮುಖ್ಯ. ಜಾಲತಾಣದಲ್ಲಿ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಪಹಣಿಯಲ್ಲಿ ಹೆಸರಿರುವವರ ಮೊಬೈಲಿಗೆ ಸಂದೇಶ ಕಳುಹಿಸಿ ಸುಮ್ಮನಾಗಬೇಡಿ. ನಮ್ಮ ಕಡೆ ಪಹಣಿ ಗಂಡಸರ ಹೆಸರಿನಲ್ಲಿರುತ್ತದೆ, ಆ ಗಂಡಸರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿರುತ್ತಾರೆ. ಒಟ್ಟಲು ಯಾವತ್ತು ಹಾಕಬೇಕೆಂದು ಊರಿನಲ್ಲಿ ಉಳಿದು ನಿರ್ಧರಿಸುವವರು ಹೆಂಗಸರು, ಮುದುಕರು. ನಾವೆಲ್ಲ ಬೆಳಿಗ್ಗೆ ಸಂಜೆ ತಪ್ಪದೆ ಹೋಗುವುದು ಹಾಲಿನ ಡೇರಿಗೆ. ಪಟ್ಟಿಯನ್ನು ಪ್ರತಿ ಊರಿನ ಡೇರಿಯ ಗೋಡೆಗೆ ಬರೆಸಿ, ಒಂದೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ನೀರು ಬಳಕೆದಾರರ ಸಂಘಕ್ಕೂ ಕೊಡಿ. ನಮ್ಮ ಊರಿನ ಡೇರಿಯ ಗೋಡೆಗೆ ಬಣ್ಣ ಬಳಿದು ಬರೆಸುವ ಖರ್ಚನ್ನು ನಮ್ಮ ಸ್ವಸಹಾಯ ಸಂಘದ ಹೆಂಗಸರು ವಹಿಸಿಕೊಳ್ಳುತ್ತೇವೆ. ಅಂಕಿಗಳನ್ನು ಮೇ ತಿಂಗಳೊಳಗೆ ಕಳುಹಿಸಿಕೊಡಿ.

ಇಂತಿ,
ಎಡದಂಡೆ ನಾಲೆಯ ಕೊನೆಯ ತೂಬಿನ ರೈತ ಮಹಿಳೆ
ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ